ಗಾಳಿಗೆ ಹಾರಿದ ಕೆಂಪು ಕೊಡೆ

ಮರೆವಿನ ಕಾಯಿಲೆಯ ಡಾಕ್ಟರ ಬಾಗಿಲ ಮುಂದೆ ನನ್ನ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕೂತಿದ್ದರು. ಅವರಮ್ಮ ಒಳಗಿದ್ದರು. ತಂಗಿಯ ಮಡಿಲಲ್ಲಿ ಹಳೆಯ ಪ್ರವಾಸದ ಕಪ್ಪುಬಿಳುಪು ಫೋಟೊಗಳಿದ್ದವು. ಅಮ್ಮನಿಗೆ ನೆನಪು ಮರಳಲೆಂದು ಅವಳೇ ಕುಂಚ ಹಿಡಿದು ಬಣ್ಣ ತುಂಬಿದ್ದಳು.

“ಅಕ್ಕಾ, ನಿನ್ನೆ ಈ ಸಮುದ್ರದ ಫೋಟೊ ನೋಡಿ, ಕೆಂಪು ಕೊಡೆ ಗಾಳಿಗೆ ಹಾರಿಹೋಯ್ತು ಅಂದ್ಲು ಅಮ್ಮ.”

“ಹಾರಿತ್ತಲ್ಲೇ! ಹಿಡಿಯೋಕೆ ನಾನೇ ಓಡಿದ್ದೆ.”

“ಅಕ್ಕಾ, ಅಲ್ಲಿ ಕೊಡೆನೇ ಇರ್ಲಿಲ್ಲ. ಫೋಟೊಗೆ ಬೂಸ್ಟು ಹಿಡಿದು ಕಲೆಯಾಗಿತ್ತು. ಅದನ್ನ ಮುಚ್ಚೋಕೆ ಹೋದ್ವಾರ ನಾನೇ ಕೊಡೆ ಬರೆದೆ.”

ಅಕ್ಕ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದಳು.

“ಸುಮ್ನಿರೇ. ಓಡುವಾಗ ಮರಳು ಕಾಲು ಸುಟ್ಟಿದ್ದು ಇವತ್ತಿಗೂ ನೆನಪಿದೆ.”

“ಅಕ್ಕಾ, ನಿಂಗೂ...”

ನರ್ಸ್ ಒಳಗೆ ಕರೆದಳು. ಎದ್ದ ಅಕ್ಕ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಡಾಕ್ಟ್ರ ಮುಂದೆ ನನ್ನ ವಿಷಯ ಎತ್ಬೇಡ, ನಿನ್ನ ದಮ್ಮಯ್ಯ.”