ಶಾಲು ಹೊದಿಸುವ ಮೊದಲು ಎರಡು ಮಾತು

ಅಧ್ಯಕ್ಷ ಸ್ಥಾನದಲ್ಲಿರುವ, ನಮ್ಮ ಕಾಲೇಜಿನ ಸಂಚಾಲಕರಾದ ಶ್ರೀ ಮುಂಡಪ್ಪನವರೇ, ಪ್ರಾಂಶುಪಾಲರಾದ ಡಾ. ನೋಣಯ್ಯನವರೇ, ಆಡಳಿತ ಸಮಿತಿಯ ಹಿರಿಯರೇ, ಬಿ.ಸಿ. ರೋಡಿನ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಹಾಕಿಕೊಂಡು ಸದ್ಯಕ್ಕೆ ಖಾಲಿ ಕುರ್ಚಿಯ ರೂಪದಲ್ಲಿ ವೇದಿಕೆಯನ್ನು ಅಲಂಕರಿಸಿರುವ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಮೊದಲ ಸಾಲಿನಲ್ಲಿ ಕುಳಿತು ‘ಮೆಲ್ಲ ಮಾತಾಡು’ ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನನ್ನು ಹೆತ್ತ ಉಮ್ಮ ಬೀಫಾತಿಮಾ ಅವರೇ, ಮತ್ತು ಕಾರ್ಯಕ್ರಮದ ನಂತರ ಊಟ ಉಂಟು ಎಂಬ ಒಂದೇ ನಂಬಿಕೆಯಿಂದ ಸಹನೆಯ ಮೂರ್ತಿಗಳಾಗಿ ಕುಳಿತಿರುವ ಸಮಸ್ತ ಸಭಿಕರೇ,

ನನ್ನ ಗುರುತಿಲ್ಲದ ಪೋಷಕರಿಗಾಗಿ ಹೇಳುತ್ತೇನೆ. ನಾನು ಶಮ್ನಾ. ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಇವತ್ತು ಸನ್ಮಾನ ನನಗೆ. ಕ್ರಮದ ಪ್ರಕಾರ ಮೊದಲು ಶಾಲು, ಆಮೇಲೆ ಮಾತು. ಆದರೆ ಶಾಲು ಹೊದಿಸಬೇಕಾದ ಅತಿಥಿಗಳು ಬರಲಿಲ್ಲ. ಹಾಗಾಗಿ ಅಧ್ಯಕ್ಷರ ಭಾಷಣ ಮೊದಲೇ ಮುಗಿಯಿತು, ಸನ್ಮಾನಿತರ ಮಾತು ಈಗ, ಸನ್ಮಾನ ಕೊನೆಗೆ. ನಾನು ಎದ್ದು ಬರುವಾಗ ಪ್ರಿನ್ಸಿಪಾಲರು ಕಿವಿಯಲ್ಲಿ ಹೇಳಿದರು, “ಮೇಡಂ, ಅವರು ಬರುವವರೆಗೆ ಸ್ವಲ್ಪ ಎಳೆಯಿರಿ ಆಯ್ತಾ.” ಮಧ್ಯಾಹ್ನ ಊಟವಾದ ಮೇಲಿನ ಪಿರಿಯಡ್ಡಿನಲ್ಲಿ ಎರೆಹುಳದ ಜೀರ್ಣಾಂಗವನ್ನು ಒಂಬತ್ತು ವರ್ಷ ಪಾಠ ಮಾಡಿದವಳಿಗೆ ಎಳೆಯುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ನಾನೊಂದು ಭಾಷಣ ಬರೆದು ತಂದಿದ್ದೆ. ವಿದಾಯದ ಭಾಷಣ. ಅದರಲ್ಲಿ ಎರಡು ಕಡೆ ಗಂಟಲು ಕಟ್ಟುವ ಏರ್ಪಾಡೂ ಇತ್ತು. ಈಗ ಅದನ್ನು ಓದುವುದಿಲ್ಲ. ಯಾಕೆಂದರೆ ಇದೀಗ ಸಂಚಾಲಕರು ತಮ್ಮ ಅಧ್ಯಕ್ಷ ಭಾಷಣದಲ್ಲಿ ಒಂದು ಮಾತು ಹೇಳಿದರು. “ಮಕ್ಕಳ ರಾಜ್ಯಮಟ್ಟದ ಬಹುಮಾನಕ್ಕೆಂದು ನಾವು ಸನ್ಮಾನ ಇಟ್ಟೆವು, ಈಗ ಶಮ್ನಾ ಮೇಡಂ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಕಪಾಟು ಖಾಲಿ ಮಾಡಿದ್ದಾರೆ ಅಂತ ಪ್ರಿನ್ಸಿಪಾಲರು ಹೇಳಿದರು. ಯಾಕೆ ಅಂತ ನಮಗೆ ಗೊತ್ತಿಲ್ಲ. ಹೋಗುವವರನ್ನು ಕೇಳುವುದು, ತಡೆಯುವುದು ನಮ್ಮ ಸಂಸ್ಕೃತಿ ಅಲ್ಲ.” ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಆಮೇಲೆ ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು.

ಸರ್, ಯಾಕೆ ಎಂದು ನನಗೂ ಗೊತ್ತಿಲ್ಲ. ನೀವು ಕಳಿಸುತ್ತಿದ್ದೀರಿ ಎಂದು ನಾನು ಹೊರಟದ್ದು. ನಾನು ಹೊರಟಿದ್ದೇನೆ ಎಂದು ನೀವು ಕಳಿಸುತ್ತಿರುವುದು. ಇದನ್ನು ನಾನು ಇಲ್ಲಿ, ಈ ಕುರ್ಚಿಯಲ್ಲಿ ಕುಳಿತು, ಕಾಲೇಜಿನ ಎಲ್ಲರ ಜೊತೆಯಲ್ಲೇ ತಿಳಿದುಕೊಂಡೆ. ಪೋಷಕರು ನಗುತ್ತಿದ್ದಾರೆ. ನಗಿ, ನನಗೂ ನಗು ಬರುತ್ತಿದೆ.

ಇದು ಹೇಗಾಯಿತು? ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ಬೇರೆ ಕಡೆ ಸಾಧನೆ ಮಾಡಿದವರಿಗೆ ಶಾಲು ಹೊದಿಸುತ್ತಾರೆ. ನಮ್ಮ ಈ ಗುಡ್ಡದ ಕಾಲೇಜಿನಲ್ಲಿ ಶಾಲು ಹೊದಿಸುವುದು ಹೋಗುವವರಿಗೆ. ಗ್ರಂಥಪಾಲಕರಿಗೆ ಶಾಲು ಹೊದಿಸಿದಿರಿ, ನಿವೃತ್ತಿ. ವ್ಯಾಯಾಮದ ಮೇಷ್ಟ್ರಿಗೆ ಹೊದಿಸಿದಿರಿ, ಮರುದಿನ ಅವರು ದಮ್ಮಾಮಿನ ವಿಮಾನದಲ್ಲಿದ್ದರು. ಹಿಂದಿ ಮೇಷ್ಟ್ರದ್ದು ಇನ್ನೂ ಚಂದ. ಅವರಿಗೆ ತಾವು ಹೋಗುವ ವಿಷಯವೇ ಗೊತ್ತಿರಲಿಲ್ಲ. ಪೇಟ ತೊಡಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟ ಮೇಲೆ ಸನ್ಮಾನ ಪತ್ರ ಓದುವಾಗ, ಬರುವ ವರ್ಷದಿಂದ ಹಿಂದಿ ವಿಭಾಗ ಇರುವುದಿಲ್ಲ ಎಂಬುದು ಅವರಿಗೆ ತಿಳಿಯಿತು. ಪಾಪ, ಪೇಟ ತಲೆಯಲ್ಲಿರುವಾಗ ಮನುಷ್ಯ ಜಗಳ ಮಾಡುವುದು ಹೇಗೆ? ಕೈ ಮುಗಿದು ಇಳಿದುಹೋದರು. ಅಂದಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೆಲಸ ಕಳೆದುಕೊಂಡರೆ ‘ಅವರಿಗೆ ಶಾಲು ಬಂತು’ ಎಂದೇ ಹೇಳುವುದು.

ಹೀಗಿರುವಾಗ ಕಳೆದ ತಿಂಗಳು ವಾರ್ಷಿಕೋತ್ಸವದ ಆಮಂತ್ರಣ ಬಂತು. ಬಿಡಿಸಿದರೆ ದಪ್ಪ ಅಕ್ಷರದಲ್ಲಿ ‘ಸನ್ಮಾನ: ಡಾ. ಶಮ್ನಾ’. ಸ್ಟಾಫ್ ರೂಮು ಒಮ್ಮೆಗೇ ತಣ್ಣಗಾಯಿತು. ಒಬ್ಬರು ನನಗೆ ಕುಡಿಯಲು ನೀರು ಕೊಟ್ಟರು. ಇನ್ನೊಬ್ಬರು ಬಹಳ ಸೂಕ್ಷ್ಮವಾಗಿ, ಕಿಟಕಿ ಹತ್ತಿರ ಗಾಳಿ ಬರುವ ನನ್ನ ಮೇಜು ಮುಂದೆ ಯಾರಿಗಂತೆ ಎಂದು ವಿಚಾರಿಸಿದರು. ಕ್ಯಾಂಟೀನಿಗೆ ಹೋದರೆ ನಮ್ಮ ಕಾಂತಿ ಅಕ್ಕ ಚಹಾ ಇಡುತ್ತಾ, “ಎಂತ ಮೇಡಂ, ಹೋಗುವುದಂತೆ?” ಅಂದರು. ನಾನು, “ಹೌದಂತೆ ಅಕ್ಕ” ಅಂದೆ. ನೋಡಿ, ನನ್ನ ಕೆಲಸ ಹೋದ ಸುದ್ದಿಯನ್ನು ನಾನೇ ‘ಅಂತೆ’ ಹಾಕಿ ಹೇಳಿದೆ! “ಆಯ್ತು, ಒಂದು ಬನ್ಸ್ ತಿನ್ನಿ” ಎಂದರು. ಅವತ್ತು ಅದರ ದುಡ್ಡು ತೆಗೆದುಕೊಳ್ಳಲಿಲ್ಲ. ಕಾಂತಿ ಅಕ್ಕ ದುಡ್ಡು ಬಿಟ್ಟರು ಎಂದಾಗ ವಿಷಯ ಗಂಭೀರ ಎಂದು ನನಗೆ ಖಾತ್ರಿಯಾಯಿತು.

ಸಮಿತಿಯವರು ನನ್ನ ಸಾಧನೆಗೇ ಸನ್ಮಾನ ಇಟ್ಟದ್ದು ಎಂದು ನಾನು ಯಾಕೆ ಅಂದುಕೊಳ್ಳಲಿಲ್ಲ? ಒಳ್ಳೆಯ ಪ್ರಶ್ನೆ. ಈ ಕಾಲೇಜಿನಲ್ಲಿ ಸಾಧನೆ ಎಂದರೆ ಏನು ಎಂಬುದನ್ನು ಈಗಷ್ಟೇ ವರದಿ ವಾಚನದಲ್ಲಿ ಕೇಳಿದಿರಲ್ಲ? ‘ಅಧ್ಯಾಪಕರು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾಗವಹಿಸಿರುತ್ತಾರೆ.’ ಹೌದು, ಭಾಗವಹಿಸಿದ್ದೇವೆ. ಸ್ಟಾಫ್ ರೂಮಿನಲ್ಲಿ, ಮೊಬೈಲನ್ನು ಟಿಫಿನ್ ಡಬ್ಬಿಗೆ ಒರಗಿಸಿ, ಕ್ಯಾಮೆರಾ ಬಂದ್ ಮಾಡಿ, ಉತ್ತರ ಪತ್ರಿಕೆ ತಿದ್ದುತ್ತಾ. ಆ ಸಮ್ಮೇಳನದಲ್ಲಿ ಯಾರು ಏನು ಹೇಳಿದರು ಎಂದು ದಯವಿಟ್ಟು ಯಾರೂ ನಮ್ಮನ್ನು ಕೇಳಬಾರದು.

ನನ್ನ ಪಿಎಚ್.ಡಿ. ಮಾತ್ರ ನಿಜವಾದದ್ದು. ಪೊಳಲಿಯಿಂದ ಕೆಳಗೆ ಫಲ್ಗುಣಿ ನದಿಯಲ್ಲಿ ಸಿಗುವ ಮರುವಾಯಿ ಎಂಬ ಚಿಪ್ಪುಜೀವಿಯ ಬೆಳವಣಿಗೆಯ ಬಗ್ಗೆ. ನೀವೆಲ್ಲ ಕಾಯಿತುರಿ ಹಾಕಿ ಸುಕ್ಕ ಮಾಡಿ ತಿಂದು ಚಿಪ್ಪು ಬಿಸಾಡುತ್ತೀರಲ್ಲ, ಅದೇ ಮರುವಾಯಿ. ಪದವಿ ಸಿಕ್ಕಿದ ದಿನದಿಂದ ನಮ್ಮ ಮನೆಯ ಪಕ್ಕದವರು ಮೀನು ತಂದರೆ ಮೊದಲು ನನ್ನ ಮೂಗಿಗೆ ಹಿಡಿಯುತ್ತಾರೆ. “ಡಾಕ್ಟ್ರೇ, ಈ ಬಂಗುಡೆ ತಾಜಾ ಉಂಟಾ ನೋಡಿ.” ನೋಡುತ್ತೇನೆ. ಇಷ್ಟು ವರ್ಷದ ಸಂಶೋಧನೆ ಸಮಾಜಕ್ಕೆ ಉಪಯೋಗವಾಗಬೇಡವೇ?

ಇನ್ನು ನನ್ನ ವಿದ್ಯಾರ್ಥಿಗಳು. ನಾರಾವಿಯ ನಿಖಿತಾ ಮತ್ತು ನಮ್ಮ ಬಂಟ್ವಾಳದ ಸಾಬಿತ್, ಅಲ್ಲಿ ಕುಳಿತಿದ್ದಾರೆ, ರಾಜ್ಯಮಟ್ಟದ ವಿದ್ಯಾರ್ಥಿ ಸಂಶೋಧನಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದಿದ್ದಾರೆ. ಅದರ ಹಿಂದಿನ ಕಥೆ ವರದಿಯಲ್ಲಿ ಇಲ್ಲ. ಮಳೆಗಾಲ ಹಿಡಿಯುವ ಮೊದಲು ಇವರಿಬ್ಬರೂ ಸೊಂಟದವರೆಗೆ ನೀರಿಗಿಳಿದು ಮರುವಾಯಿ ಹೆಕ್ಕಿ ತಂದರು. ಪ್ರಯೋಗಾಲಯದ ಫ್ರಿಜ್ಜು ಅಂದು ಆಫೀಸಿಗೆ ಹೋಗಿತ್ತು, ಬರುವ ಅತಿಥಿಗಳ ಜ್ಯೂಸ್ ಇಡಲಿಕ್ಕೆ. ಹಾಗಾಗಿ ಮರುವಾಯಿಯನ್ನು ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಇಟ್ಟರು. ಅವತ್ತೇ ಆಡಳಿತ ಸಮಿತಿಯ ಸಭೆ. ಕಾಂತಿ ಅಕ್ಕ ಫ್ರಿಜ್ಜು ತೆರೆದು ನೋಡಿದರು, ಮರುವಾಯಿ ಉಂಟು. ತೆಂಗಿನಕಾಯಿಯೂ ಉಂಟು. ಆಮೇಲೆ ಏನಾಯಿತು ಎಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಸಂಚಾಲಕರು ಎರಡನೇ ಸಲ ಬಡಿಸಿಕೊಂಡರಂತೆ.

ಸಾಬಿತ್ ಬಂದು ನೋಡುವಾಗ ಸಂಶೋಧನೆ ಎಂಜಲು ಬಕೆಟಿನಲ್ಲಿತ್ತು. ಹುಡುಗ ಅಳಲಿಲ್ಲ. ಚಿಪ್ಪುಗಳನ್ನು ತೊಳೆದು ಅಳತೆ ತೆಗೆದ. ಮಳೆ ನಿಂತ ಮೇಲೆ ಇಬ್ಬರೂ ಪುನಃ ನದಿಗೆ ಇಳಿದು ಎರಡನೇ ಸಲ ತಂದರು. ಎರಡೂ ಅಳತೆಗಳನ್ನು ಹೋಲಿಸಿ ನೋಡುವಾಗ, ಮಳೆಗಾಲದ ಒಳಗೆ ಯಾವ ಜಾಗದ ಮರುವಾಯಿ ಬೆಳೆಯಿತು, ಯಾವ ಜಾಗದ್ದು ಬೆಳೆಯಲಿಲ್ಲ ಎಂಬುದು ಕನ್ನಡಿಯಲ್ಲಿ ಕಂಡಂತೆ ಕಂಡಿತು. ತೀರ್ಪುಗಾರರು ಕೇಳಿದರಂತೆ, “ಎರಡು ಸಲ ಸಂಗ್ರಹಿಸುವ ಯೋಚನೆ ಹೇಗೆ ಬಂತಮ್ಮಾ?” ನಿಖಿತಾ ಹೇಳಿದಳು, “ನಮ್ಮ ಆಡಳಿತ ಸಮಿತಿಯ ಸಹಕಾರದಿಂದ ಸರ್.” ಅವಳು ನನಗಿಂತ ಬುದ್ಧಿವಂತೆ. ಅವಳನ್ನು ನೋಡಿದರೆ ನನಗೆ ನನ್ನ ಪದವಿಗಿಂತ ಹೆಚ್ಚು ಹೆಮ್ಮೆಯಾಗುತ್ತದೆ.

ಇಂಥ ಮಕ್ಕಳನ್ನು ಬಿಟ್ಟು ಹೋಗಬೇಕಲ್ಲ ಎಂದು ಆಮಂತ್ರಣ ಬಂದ ದಿನ ಮನೆಗೆ ಹೋಗಿ ಅತ್ತೆ. ಉಮ್ಮ ಹೇಳಿದರು, “ಬಾಯಿ ಉಂಟಲ್ಲ ನಿನಗೆ? ಹೋಗಿ ಕೇಳು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ.” ನಾನು, “ಕೇಳುವುದು ಹೇಗೆ ಉಮ್ಮ, ಚಂದ ಕಾಣುವುದಿಲ್ಲ” ಅಂದೆ. ಮೂಡುಬಿದಿರೆಯಲ್ಲಿ ಒಂದು ಕಾಲೇಜಿನವರು ಮೊದಲೇ ಕರೆದಿದ್ದರು. ಅವರಿಗೆ ಫೋನ್ ಮಾಡಿದೆ. ಖಾಯಂ ಹುದ್ದೆ, ಜೂನ್‌ನಲ್ಲಿ ಸೇರಬೇಕು, ಒಪ್ಪಿಗೆಯನ್ನು ಬರುವ ಸೋಮವಾರ ತಿಳಿಸಬೇಕು. ಆಮೇಲೆ ಇಲ್ಲಿ ಕಪಾಟು ಖಾಲಿ ಮಾಡಿದೆ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿದರು. “ಓ, ಕ್ಲೀನಿಂಗಾ?” ಅಂದರು. “ಹೌದು ಸರ್” ಅಂದೆ. ಅಷ್ಟೇ ಮಾತು. ಇಬ್ಬರಿಗೂ ಡಾಕ್ಟರೇಟ್ ಉಂಟು, ನೆನಪಿರಲಿ.

ಯಾಕೆ ಕೇಳಲಿಲ್ಲ? ಈಗ ನಿಜ ಹೇಳುತ್ತೇನೆ, ಭಾಷಣದ ಮಾತಲ್ಲ. ನಾನು ಇಲ್ಲಿ ಖಾಯಂ ಅಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ನನ್ನನ್ನು ಬಿಡುಗಡೆ ಮಾಡುತ್ತಾರೆ, ಮೇ ಕೊನೆಗೆ ಪ್ರಿನ್ಸಿಪಾಲರ ಫೋನ್ ಬರುತ್ತದೆ, “ಮೇಡಂ, ಬನ್ನಿ ಆಯ್ತಾ.” ಆ ಫೋನ್ ಬರುವವರೆಗೆ ನಾನು ಮೊಬೈಲನ್ನು ಸ್ನಾನದ ಮನೆಯ ಕಿಟಕಿಯಲ್ಲೂ ಇಟ್ಟುಕೊಳ್ಳುತ್ತೇನೆ. ಒಂಬತ್ತು ವರ್ಷವೂ ಹೀಗೆ. ಕೇಳಿದರೆ ‘ಇಲ್ಲ’ ಎನ್ನಬಹುದು. ಕೇಳದಿದ್ದರೆ ಜೂನ್‌ನಲ್ಲಿ ಬರಬಹುದು. ಹೆದರಿಕೆ ಸರ್, ಬರೀ ಹೆದರಿಕೆ. ಅದಕ್ಕೆ ನಾನು ಮರ್ಯಾದೆ ಎಂದು ಹೆಸರಿಟ್ಟಿದ್ದೆ. ನೀವು ಸಂಸ್ಕೃತಿ ಎಂದು ಹೆಸರಿಟ್ಟಿರಿ.

ಈಗ ಎಲ್ಲರೂ ಇದ್ದಾರೆ. ಸಂಚಾಲಕರಿದ್ದಾರೆ, ಪ್ರಿನ್ಸಿಪಾಲರಿದ್ದಾರೆ, ಪೂರ್ತಿ ಸಮಿತಿ ಇದೆ. ಇಂಥ ಕೋರಂ ನಿಮ್ಮ ಸಭೆಗಳಲ್ಲೂ ಆಗುವುದಿಲ್ಲ. ನಾನು ಹೋಗಲೇಬೇಕೆಂದು ಹೊರಟವಳಲ್ಲ. ಮೂಡುಬಿದಿರೆಯಲ್ಲಿ ಸಂಬಳ ಹೆಚ್ಚು, ಪ್ರಯೋಗಾಲಯ ದೊಡ್ಡದು, ಫ್ರಿಜ್ಜನ್ನು ಜ್ಯೂಸಿಗೆ ಕೇಳುವವರಿಲ್ಲ. ಆದರೂ ನನಗೆ ಇಲ್ಲೇ ಇರಬೇಕು. ಒಡೆದ ಮೀನಿನ ತೊಟ್ಟಿಗಳನ್ನು ಅಂಟಿಸಿ ನಾನು ಕಟ್ಟಿದ ಪ್ರಯೋಗಾಲಯ ಇಲ್ಲಿ ಉಂಟು. ಬೆಳಿಗ್ಗೆ ಸಿದ್ಧಕಟ್ಟೆಯಲ್ಲಿ ಬಸ್ಸು ಇಳಿದು ಗುಡ್ಡ ಹತ್ತುವಾಗ ಹಿಂದಿನಿಂದ ‘ಮೇಡಂ, ನಿಲ್ಲಿ’ ಎಂದು ಕೂಗುವ ಮಕ್ಕಳು ಇಲ್ಲಿದ್ದಾರೆ. ನನಗೆ ಈ ಕಾಲೇಜೆಂದರೆ ಪ್ರೀತಿ. ಹಾಗಾಗಿ ಒಂಬತ್ತು ವರ್ಷ ಕೇಳದ್ದನ್ನು ಈಗ ಮೈಕಿನಲ್ಲಿ ಕೇಳುತ್ತೇನೆ. ಮುಂಡಪ್ಪ ಸರ್, ನನ್ನನ್ನು ಇಲ್ಲಿ ಖಾಯಂ ಮಾಡುತ್ತೀರಾ? ಹೌದು ಎಂದರೆ ಸೋಮವಾರ ಮೂಡುಬಿದಿರೆಗೆ ‘ಬರುವುದಿಲ್ಲ’ ಎಂದು ಹೇಳಿಬಿಡುತ್ತೇನೆ.

ಸರ್?

ಪ್ರಿನ್ಸಿಪಾಲರೇ, ಫ್ಯಾನು ಚೆನ್ನಾಗಿಯೇ ತಿರುಗುತ್ತಿದೆ, ಅದನ್ನು ನೋಡಬೇಡಿ, ಸ್ವಲ್ಪ ಈ ಕಡೆ ನೋಡಿ. ಸಮಿತಿಯ ಹಿರಿಯರು ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡುತ್ತಿದ್ದಾರೆ. ಅವಸರವಿಲ್ಲ, ಅತಿಥಿಗಳೂ ಬಂದಿಲ್ಲ.

ಏನು ಹೇಳಿದಿರಿ ಸರ್? ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ. ಹಾಗಾದರೆ ನಾನೇ ಹೇಳುತ್ತೇನೆ. ಸಂಚಾಲಕರು ಹೇಳಿದ್ದು ಇಷ್ಟು: “ನೋಡುವ.”

ಸಭಿಕರೇ, ನಮ್ಮ ಕಡೆ ‘ನೋಡುವ’ ಎಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಣ್ಣು ನೋಡಿ ಹೋದವರು ‘ನೋಡುವ’ ಎಂದರೆ ನಾವು ಬೇರೆ ಕಡೆ ಹುಡುಗನನ್ನು ಹುಡುಕುವುದಿಲ್ಲವೇ? ಸಂಚಾಲಕರ ಮೇಲೆ ನನಗೆ ಸಿಟ್ಟಿಲ್ಲ. ಬೇಸರ ಉಂಟು. ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಯಾವ ಉತ್ತರಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಆ ಉತ್ತರ ಬಂತು, ನಾನು ಬಿದ್ದುಹೋಗಲಿಲ್ಲ, ನಿಂತೇ ಇದ್ದೇನೆ.

ಆದ್ದರಿಂದ ಸೋಮವಾರ ನಾನು ಮೂಡುಬಿದಿರೆಗೆ ‘ಬರುತ್ತೇನೆ’ ಎನ್ನುತ್ತೇನೆ. ನಿಖಿತಾ, ಸಾಬಿತ್, ನಿಮ್ಮ ಮುಂದಿನ ಕೆಲಸಕ್ಕೆ ಯಾವ ಶನಿವಾರ ಬೇಕಾದರೂ ಅಲ್ಲಿಗೆ ಬನ್ನಿ. ಬಹುಮಾನ ತಂದದ್ದು ನೀವು, ನಾನು ಬದಿಯಲ್ಲಿ ನಿಂತು ನೋಡಿದವಳು. ನನ್ನ ಸಹೋದ್ಯೋಗಿಗಳಿಗೆ ವಂದನೆ, ಕಿಟಕಿ ಹತ್ತಿರದ ಮೇಜಿಗೆ ಜಗಳ ಮಾಡಬೇಡಿ. ಕಾಂತಿ ಅಕ್ಕನಿಗೆ, ಪ್ರಿನ್ಸಿಪಾಲರಿಗೆ, ಸಮಿತಿಗೆ, ನನ್ನನ್ನು ಓದಿಸಿದ ಉಮ್ಮನಿಗೆ ವಂದನೆ. ಸನ್ಮಾನ ನಡೆಯಲಿ, ನಾನು ತಲೆ ಬಗ್ಗಿಸಿ ಸ್ವೀಕರಿಸುತ್ತೇನೆ. ಆದರೆ ವರದಿಯಲ್ಲಿ ಒಂದು ಸಾಲು ಸರಿಯಾಗಿ ಬರೆಯಿರಿ. ಶಮ್ನಾಳನ್ನು ಯಾರೂ ಕಳಿಸಿದ್ದಲ್ಲ. ಇರುತ್ತೇನೆ ಎಂದಳು, ‘ನೋಡುವ’ ಎಂದರು, ತಾನಾಗಿಯೇ ಹೋದಳು.

ಎಲ್ಲರಿಗೂ ನನ್ನ ನಮಸ್ಕಾರ.