ಐಕಾನ್ ಇಲ್ಲದ ಪರದೆ

ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಯಾವುದೋ ಆಫೀಸಿನ ಕಂಪ್ಯೂಟರ್ ರಿಪೇರಿಯವರು ಇಬ್ಬರು.

“ಟೈಪಿಸ್ಟ್ ಅಮ್ಮನ ಕಂಪ್ಯೂಟರಿಗೆ ಏನು ಮಾಡಿದ್ಯೋ?”

“ನನ್ನದರಲ್ಲಿ ಇರೋದನ್ನೇ ಹಾಕಿಕೊಟ್ಟೆ. ಐಕಾನ್ ಇಲ್ಲ, ಮೌಸ್ ನಡೆಯಲ್ಲ. ಕೀ ಒತ್ತಿದರೆ ಮಾತ್ರ ವಿಂಡೋಗಳು ಟೈಲ್ಸ್ ಹಾಸಿದ ಹಾಗೆ ಪಕ್ಕಪಕ್ಕ ಕೂರ್ತವೆ.”

“ಪಾಪ, ಆಯಮ್ಮ?”

“ಖಾಲಿ ಪರದೆ ನೋಡಿ ಕಣ್ಣುಕಣ್ಣು ಬಿಟ್ಟರು. ಕೆಟ್ಟಿದೆ ಅಂತ ಸಾಹೇಬರನ್ನ ಕರೆದರು. ನಾನು ಎರಡು ಕೀ ಒತ್ತಿದೆ, ಎಲ್ಲ ತೆರೀತು. ಸಾಹೇಬರ ಮುಖ ನೋಡಬೇಕಿತ್ತು!”

“ಕೀಗಳನ್ನ ಬರೆದುಕೊಡು ಅನ್ನಲಿಲ್ವಾ?”

“ಕೊಟ್ಟೆನಲ್ಲ. ಮುಚ್ಚೋ ಕೀನ ತೆರೆಯೋ ಕೀ ಅಂತ ಬರೆದೆ.”

“ಕೆಲಸ ಬರಲ್ಲ ಅಂತ ಸಾಹೇಬರು ಅವರನ್ನ ತೆಗೆದರೆ ಆ ಸೀಟು ನಿನ್ನ ಹೆಂಡತಿಗೇ ಬಿಡು. ಅಲ್ಲ, ನಿನಗೆ ಟೈಪಿಂಗ್ ಕಲಿಸಿದ್ದು ಆಯಮ್ಮನೇ ಅಲ್ವಾ?”

“ಹೂಂ. ಅದಕ್ಕೇ ಚೀಟಿನ ಕಣ್ಣುಮುಚ್ಚಿ ನಂಬಿದರು.”

ಲಿಫ್ಟ್ ಬಂತು. ಅವರು ಹತ್ತಿದರು. ನಾನು ಮೆಟ್ಟಿಲು ಹಿಡಿದೆ.