ಶಾಗ್ಯಕ್ಕೆ ಹೊರಟ ಕ್ಯಾಮರಾ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸಿಗೆ ಕಾದು ಕೂತಿದ್ದ ಗುರುಬಸಮ್ಮನಿಗೆ ಪಕ್ಕದ ಚೀಲದಂಗಡಿಯ ಮಾತು ಕೇಳಿಸುತ್ತಿತ್ತು. ಒಯ್ಯುವ ಪೆಟ್ಟಿಗೆ ಮುರಿದಿದ್ದರಿಂದ ಕ್ಯಾಮರಾವನ್ನು ಕಂಕುಳಲ್ಲಿ ಹಿಡಿದ ಸ್ಟುಡಿಯೋದವನು ಒಂದೊಂದೇ ಚೀಲ ಹಿಸುಕಿ ನೋಡುತ್ತಿದ್ದ. ಅವನನ್ನು ಕರೆದೊಯ್ಯಲು ಬಂದವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಬೆನ್ನಿಗಾಕೋ ಈ ಕಾಕಿ ಚೀಲನೇ ತಕಳಿ ಸಾ. ಶಾಗ್ಯದ ಬಸ್ಸು ಒಂಟೋಯ್ತದೆ.”

“ಇದು ತೆಳು ಕಣಪ್ಪ ಶಿವಮಲ್ಲಪ್ಪ. ನಿಮ್ಮೂರ ದಾರಿ ಕುಲುಕಾಟಕ್ಕೆ ಲೆನ್ಸ್ ಒಡೆದ್ರೆ ನನ್ನ ಕತೆ ಮುಗೀತು.”

“ಒಳ್ಗೆ ನನ್ ಕಂಬ್ಳಿ ತುಂಬನ.”

“ನಾಳೆ ಒಳ್ಳೇ ಚೀಲ ಹೊಲಿಸ್ಕೊಂಡು ಬರ್ತೀನಿ.”

“ನಾಳೆಗೆ ನಮ್ಮಣ್ಣ ಎಲ್ಲಿರ್ತನೆ ಸಾ? ಗೋಡೆಗೊರಗ್ಸಿ ಕೂರ್ಸವ್ರೆ, ಇಬೂತಿ ಹಚ್ಚವ್ರೆ. ಒತ್ತು ಮುಳ್ಗದ್ರೊಳ್ಗೆ ಮಣ್ಣು ಮಾಡ್ತರೆ.”

“ಹಳೇ ಫೋಟೋ ಒಂದೂ ಇಲ್ವಾ?”

“ಒಂದೂ ಇಲ್ಲ. ಅತ್ತಿಗೆ ಬಸುರಿ. ಉಟ್ಟೋ ಕೂಸಿಗೆ ಅಪ್ಪ ಅಂತ ಏನ ತೋರ್ಸದು?”

ಸ್ಟುಡಿಯೋದವನು ಕಾಕಿ ಚೀಲದ ದುಡ್ಡು ಕೊಟ್ಟು ಕ್ಯಾಮರಾವನ್ನು ಕಂಬಳಿಯಲ್ಲಿ ಸುತ್ತಿ ಚೀಲಕ್ಕಿಳಿಸಿದ. ಶಿವಮಲ್ಲಪ್ಪ ಅದನ್ನು ಎದೆಯ ಮೇಲೆ ಬರುವಂತೆ ನೇತುಹಾಕಿಕೊಂಡು ಎರಡು ಕೈಯಲ್ಲೂ ತಬ್ಬಿದ.

“ಅಲ್ಲಿ ಹೆಗಲು ಕೊಡೋನು ನೀನು. ಇದ ನನಗೆ ಕೊಡಪ್ಪ.”

“ಅಣ್ಣನ್ನ ಒರಕ್ಕೆ ಊರೇ ಅದೆ ಸಾ. ಇದ ನಾನೇ ಒತ್ಕತೀನಿ.”

ಇಬ್ಬರೂ ಶಾಗ್ಯದ ಬಸ್ಸಿನತ್ತ ಓಡಿದರು.